ಬಂಧುಗಳ ಸಾಲವೂ ಬಡ್ಡಿಯಿಲ್ಲದ ಕಾರ್ಡೂ

ಕಲ್ಕತ್ತೆಯ ಹಿರಿಯರು ಇಂದಿಗೂ ಡಾಲ್‌ಹೌಸಿ ಎಂದೇ ಕರೆಯುವ ಬಿಬಿಡಿ ಬಾಗ್ ಹಣದ ವ್ಯವಹಾರಕ್ಕೆ ಹೆಸರಾದ ಪ್ರದೇಶ. ಲಾಲ್ ದಿಘಿಯ ಸುತ್ತಮುತ್ತ ರೈಟರ್ಸ್ ಬಿಲ್ಡಿಂಗ್, ದೊಡ್ಡ ಅಂಚೆ ಕಚೇರಿ, ರಿಸರ್ವ್ ಬ್ಯಾಂಕಿನ ಕಚೇರಿಗಳಿವೆ. 1935ರ ಏಪ್ರಿಲ್ 1ರಂದು ಕಾರ್ಯಾರಂಭ ಮಾಡಿದ ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿಯು ಮೊದಲು ಈ ನಗರದಲ್ಲಿಯೇ ಇದ್ದು, 1937ರಲ್ಲಿ ಮುಂಬಯಿಗೆ ವರ್ಗವಾಯಿತು.

ಇಂತಹ ಕಚೇರಿಗಳಲ್ಲಿ ದುಡಿಯಲು ದೂರದ ಕನ್ನಡನಾಡಿನಿಂದ ಬಂದ ಕುಟುಂಬಕ್ಕೆ ಬಾಡಿಗೆ ಮನೆಯ ಮುಂಗಡ, ಮಕ್ಕಳ ಕಾಲೇಜು ಶುಲ್ಕ, ಶಸ್ತ್ರಚಿಕಿತ್ಸೆಯ ವೆಚ್ಚ ಎದುರಾದಾಗ ಮೊದಲು ನೆರವಾಗುವವರು ಊರಿನ ಅಣ್ಣ, ಭಾವ ಅಥವಾ ಸೋದರಮಾವ. ಆ ಸಾಲಕ್ಕೆ ಪತ್ರವಿಲ್ಲ, ಬಡ್ಡಿಯಿಲ್ಲ, ಗಡುವೂ ಇಲ್ಲ. ಆದರೆ ಅವರ ಮನೆಯಲ್ಲಿಯೂ ಮದುವೆಯೋ ಮನೆ ಕಟ್ಟುವ ಕೆಲಸವೋ ಬಂದಾಗ, ಅವರು ಬಾಯಿಬಿಟ್ಟು ಕೇಳದಿದ್ದರೂ ಸಾಲಗಾರನ ಮನಸ್ಸಿಗೆ ನೆಮ್ಮದಿ ಇರುವುದಿಲ್ಲ. ಊರಿಗೆ ಹೋಗುವುದು ತಪ್ಪುತ್ತದೆ, ದೂರವಾಣಿಯ ಮಾತು ಕಡಮೆಯಾಗುತ್ತದೆ, ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟವರಿಗೆ ರಕ್ತದೊತ್ತಡವನ್ನೂ ಸಿಹಿಮೂತ್ರ ರೋಗವನ್ನೂ ಹತೋಟಿಯಲ್ಲಿಡುವುದು ಕಷ್ಟ. ಆದುದರಿಂದ ಈ ವಿಷಯಕ್ಕೆ ಆರೋಗ್ಯ ಲೇಖನಗಳ ನಡುವೆ ಸ್ಥಾನವುಂಟು.

ಇಂತಹ ಸಮಯದಲ್ಲಿ ಬಡ್ಡಿಯಿಲ್ಲದ ಕ್ರೆಡಿಟ್ ಕಾರ್ಡಿನಿಂದ ಬಂಧುಗಳ ಸಾಲವನ್ನು ತೀರಿಸಿಬಿಡೋಣವೆಂಬ ಯೋಚನೆ ಹಲವರಿಗೆ ಬರುತ್ತದೆ. ಬ್ರಿಟನ್ನಿನಲ್ಲಿ, ಒಮ್ಮೆ ಶುಲ್ಕ ತೆತ್ತರೆ ಕೆಲವು ತಿಂಗಳು ಬಡ್ಡಿಯಿಲ್ಲದೆ ಹಣವನ್ನೇ ಖಾತೆಗೆ ವರ್ಗಾಯಿಸುವ ಕಾರ್ಡುಗಳುಂಟು. ಅಲ್ಲಿರುವ ನಂಟರಿಂದ ಅದನ್ನು ಕೇಳಿ ನಮ್ಮ ಕಾರ್ಡೂ ಹಾಗೆಯೇ ಎಂದು ಭಾವಿಸುವುದು ಸರಿಯಲ್ಲ.

ನಮ್ಮಲ್ಲಿ ಬಡ್ಡಿರಹಿತ ಅವಧಿ ಸಲ್ಲುವುದು ಸಾಮಾನ್ಯವಾಗಿ ಖರೀದಿಗೆ ಮಾತ್ರ. ಒಂದು ಕಾರ್ಡಿನ ಬಿಲ್ಲು ಪ್ರತಿ ತಿಂಗಳ 5ರಂದು ಸಿದ್ಧವಾಗಿ, ಪಾವತಿಯ ಗಡುವು 25ರಂದು ಇದೆಯೆನ್ನಿ. ಜೂನ್ 6ರಂದು ಕೊಂಡ ಅಕ್ಕಿಯ ಹಣವನ್ನು ಜುಲೈ 25ಕ್ಕೆ ಕೊಟ್ಟರೆ ಸಾಕು. 49 ದಿನಗಳ ಬಿಡುವು ದೊರೆಯಿತು. ಜುಲೈ 4ರಂದು ಕೊಂಡುದಕ್ಕೆ ದೊರೆಯುವುದು 21 ದಿನಗಳು ಮಾತ್ರ. ಹಿಂದಿನ ಬಿಲ್ಲನ್ನು ಪೂರ್ತಿಯಾಗಿ ಪಾವತಿ ಮಾಡದಿದ್ದರೆ ಹೊಸ ಖರೀದಿಗೂ ಈ ಬಿಡುವು ಇಲ್ಲದಂತಾಗುತ್ತದೆ.

ಭಾವನವರಿಗೆ ಬೇಕಾದುದು ನಗದು. ಕಾರ್ಡಿನಿಂದ ನಗದು ತೆಗೆದರೆ ಅಂದಿನಿಂದಲೇ ಬಡ್ಡಿ ಆರಂಭವಾಗುತ್ತದೆ. 40,000 ರೂಪಾಯಿ ತೆಗೆದರೆಂದು ಭಾವಿಸೋಣ. ಶುಲ್ಕ ಶೇಕಡಾ 2.5ರಂತೆ 1,000, ತಿಂಗಳಿಗೆ ಶೇಕಡಾ 3.5ರಂತೆ ಬಡ್ಡಿ 1,400. ಇವೆರಡರ ಮೇಲೆ ಶೇಕಡಾ 18ರ ತೆರಿಗೆ 432. ಒಂದೇ ತಿಂಗಳಿಗೆ 2,832 ರೂಪಾಯಿ! ಬಳಿಕ ತಿಂಗಳಿಗೆ 2,000 ರೂಪಾಯಿ ಕಟ್ಟುತ್ತ ಹೋದರೂ, ಅದರಲ್ಲಿ 1,652 ಬಡ್ಡಿಗೂ ತೆರಿಗೆಗೂ ಸಂದು, ಅಸಲಿನಲ್ಲಿ ಇಳಿಯುವುದು ಮೊದಲಿಗೆ 348 ರೂಪಾಯಿ ಮಾತ್ರ. ಬಾಣಲೆಯಿಂದ ಬೆಂಕಿಗೆ ಬಿದ್ದಂತೆ ಎಂಬ ಗಾದೆಗೆ ಬೇರೆ ನಿದರ್ಶನ ಬೇಡ. ಕಾರ್ಡಿನ ಬಾಕಿಗೆ ವರ್ಷಕ್ಕೆ ಶೇಕಡಾ 30ಕ್ಕಿಂತ ಹೆಚ್ಚು ಬಡ್ಡಿ ಸಲ್ಲದೆಂದು ರಾಷ್ಟ್ರೀಯ ಗ್ರಾಹಕ ಆಯೋಗವು 2008ರಲ್ಲಿ ನೀಡಿದ್ದ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು ಎಂಬುದನ್ನೂ ಗಮನಿಸಬೇಕು.

ರೂಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸುವ ಸೌಲಭ್ಯ 2022ರಲ್ಲಿ ಬಂದಿತಾದರೂ, ಅದು ವರ್ತಕರಿಗೆ ಹಣ ಕೊಡಲು ಮಾತ್ರ; ಬಂಧುಗಳ ಖಾತೆಗೆ ಕಳುಹಿಸಲು ಅಲ್ಲ. ಇನ್ನು ಶೂನ್ಯ ಬಡ್ಡಿಯ ಕಂತುಗಳ ಜಾಹೀರಾತು. ಶೂನ್ಯ ಬಡ್ಡಿಯೆಂಬುದೇ ಇಲ್ಲ, ಅನೇಕ ವೇಳೆ ಬಡ್ಡಿಯು ಶುಲ್ಕದ ವೇಷದಲ್ಲಿ ಅಡಗಿರುತ್ತದೆ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು.

ಹಾಗಾದರೆ ಕಾರ್ಡು ಯಾವ ಉಪಯೋಗಕ್ಕೂ ಇಲ್ಲವೆ? ಒಂದು ಸಂದರ್ಭದಲ್ಲಿ ಉಂಟು. ಪೂಜಾ ಬೋನಸ್ಸೋ ಅವಧಿ ತುಂಬುವ ಠೇವಣಿಯೋ ಗಡುವಿಗೆ ಮೊದಲೇ ಕೈಸೇರುವುದು ಖಚಿತವಿದ್ದಲ್ಲಿ, ಆ ತಿಂಗಳ ದಿನಸಿ, ಔಷಧಿ, ವಿದ್ಯುತ್ತಿನ ವೆಚ್ಚಗಳನ್ನು ಕಾರ್ಡಿಗೆ ಹಾಕಿ, ಸಂಬಳದಲ್ಲಿ ಉಳಿದ ನಗದನ್ನು ಬಂಧುಗಳಿಗೆ ಕಳುಹಿಸಬಹುದು. ಬಂದ ಹಣದಿಂದ ಕಾರ್ಡಿನ ಬಿಲ್ಲನ್ನು ಪೂರ್ತಿಯಾಗಿ ತೀರಿಸಬೇಕು. ಇದು ಕೆಲವು ವಾರಗಳ ಬಿಡುವೇ ಹೊರತು ಸಾಲಕ್ಕೆ ಪರಿಹಾರವಲ್ಲ. ಬರುವ ಹಣ ಖಚಿತವಿಲ್ಲದವರು ಈ ದಾರಿಯನ್ನು ಹಿಡಿಯಲೇಬಾರದು.

ಉಳಿದವರಿಗೆ ಹಳೆಯ ದಾರಿಯೇ ಲೇಸು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನು ಮನೆಬಾಗಿಲಿನಲ್ಲಿಯೇ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಆರಂಭಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಆದರೆ ಸಣ್ಣ ಮೊತ್ತವೂ ನಿಯಮದಿಂದ ದೊಡ್ಡದಾಗುತ್ತದೆಂಬ ಅದರ ಪಾಠ ಹಳತಾಗಿಲ್ಲ. ತಿಂಗಳಿಗೆ 2,000 ರೂಪಾಯಿಯನ್ನು ನೇರವಾಗಿ ಭಾವನವರ ಖಾತೆಗೆ ಕಳುಹಿಸಿದರೆ 40,000ದ ಸಾಲ 20 ತಿಂಗಳಲ್ಲಿ ಪೂರ್ತಿ ತೀರುತ್ತದೆ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ಹಿಂತಿರುಗಿಸಲು ಆದಾಯ ತೆರಿಗೆಯ ಕಾನೂನು ಅವಕಾಶ ಕೊಡದಿರುವುದರಿಂದ, ಬ್ಯಾಂಕಿನ ಮೂಲಕ ಕಳುಹಿಸುವುದೇ ಕ್ರಮ, ಲೆಕ್ಕವೂ ಸ್ಪಷ್ಟವಾಗಿರುತ್ತದೆ.

ಇದಕ್ಕೆಲ್ಲ ಮೊದಲು ಬಂಧುಗಳೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಬೇಕು. ಎಷ್ಟು ಕೊಡಬೇಕು, ತಿಂಗಳಿಗೆ ಎಷ್ಟು ಸಾಧ್ಯ, ಅವರಿಗೆ ಯಾವಾಗ ಹಣದ ಅಗತ್ಯ ಬೀಳಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಒಂದೊಂದು ಪ್ರತಿಯನ್ನು ಇಬ್ಬರೂ ಇಟ್ಟುಕೊಳ್ಳಬೇಕು. ಅಣ್ಣನಾದವನು ಎರಡು ತಿಂಗಳು ತಾಳಿಕೊಂಡಾನು; ಕಾರ್ಡಿನ ಬಡ್ಡಿ ಒಂದು ದಿನವೂ ತಾಳುವುದಿಲ್ಲ. ನಂಟರ ಮುಂದೆ ಸಂಕೋಚಪಟ್ಟು ಕಾರ್ಡಿನ ಮೊರೆಹೋಗುವ ಮುನ್ನ ವಾಚಕರು ಇಷ್ಟನ್ನು ನೆನೆದರೆ, ಹಣವೂ ಉಳಿಯುತ್ತದೆ, ನಂಟೂ ಉಳಿಯುತ್ತದೆ.