ತೆರೆಯಲೊಲ್ಲದ ಬಾಗಿಲು

ಒಲೆಗೆ ಬೀಗವೆಂದರೆ ಹಿಂದಿನ ಕಾಲದ ಅಜ್ಜಿಯರು ನಕ್ಕುಬಿಡುತ್ತಿದ್ದರು. ಬೀಗವೇನಿದ್ದರೂ ಉಗ್ರಾಣಕ್ಕೆ, ಬೆಣ್ಣೆಯ ಕಪಾಟಿಗೆ, ಒಲೆಯಲ್ಲಿ ಕದಿಯುವುದಕ್ಕೇನಿದೆ? ಆದರೆ ಅಮೆರಿಕದ ಮನೆಗಳಲ್ಲಿ, ಅಲ್ಲಿ ನೆಲೆಸಿರುವ ಕನ್ನಡಿಗರ ಸಂಸಾರಗಳಲ್ಲಿಯೂ, ಬಾಗಿಲಿಗೆ ತಾನೇ ಬೀಗ ಹಾಕಿಕೊಳ್ಳುವ ಓವನ್ ನಿತ್ಯದ ಉಪಕರಣ. ಆ ಬೀಗದ ಇರವು ಗೃಹಿಣಿಯ ಗಮನಕ್ಕೆ ಬರುವುದು ಬಹುಮಟ್ಟಿಗೆ ಒಂದೇ ಸಂದರ್ಭದಲ್ಲಿ: ಓವನ್ ತನ್ನನ್ನು ತಾನೇ ಶುಚಿಮಾಡಿಕೊಂಡು ಮುಗಿಸಿದ ಮೇಲೆ ಬಾಗಿಲು ತೆರೆಯಲೊಲ್ಲೆನೆಂದಾಗ.

ತನ್ನನ್ನು ತಾನೇ ಶುಚಿಮಾಡಿಕೊಳ್ಳುವ ಈ ಒಲೆಯನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆ 1963ರಲ್ಲಿ ಮಾರುಕಟ್ಟೆಗೆ ತಂದಿತು. ಉಪಾಯವೇನೋ ಸರಳವೇ. ಕೇಕು, ರೊಟ್ಟಿಗಳು ಬೇಯಲು 200 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನ ಶಾಖ ಸಾಕು. ಶುಚಿಯ ವೇಳೆಯಲ್ಲಿ ಅದೇ ಪೆಟ್ಟಿಗೆ ಸುಮಾರು 480 ಡಿಗ್ರಿಯವರೆಗೆ ಕಾಯುತ್ತದೆ. ಗೋಡೆಗಂಟಿದ ಜಿಡ್ಡು, ಚೆಲ್ಲಿದ ಪಾಕ, ಸುರಿದ ಹಾಲು ಎಲ್ಲವೂ ಎರಡು ಮೂರು ಗಂಟೆಗಳಲ್ಲಿ ಉರಿದು ಹಿಡಿ ಬೂದಿಯಾಗಿ ಉಳಿಯುತ್ತವೆ. ಒದ್ದೆಬಟ್ಟೆಯಿಂದ ಒರಸಿದರೆ ಕೆಲಸ ಮುಗಿಯಿತು. ಅಂಥ ಶಾಖದ ನಡುವೆ ಯಾರಾದರೂ, ಅದರಲ್ಲಿಯೂ ಮಗುವೊಂದು, ಬಾಗಿಲು ತೆರೆದರೆ? ಹೊರಗಿನ ಗಾಳಿ ಒಳನುಗ್ಗಿ, ಬೆಂದು ಹೊಗೆಯಾಡುತ್ತಿರುವ ಜಿಡ್ಡು ಭಗ್ಗನೆ ಹೊತ್ತಿಕೊಳ್ಳಬಹುದು. ಬೀಗ ಇರುವುದು ಅದಕ್ಕಾಗಿ. ಒಳಗಿನ ಶಾಖ ಸುಮಾರು 300 ಡಿಗ್ರಿಗಿಂತ ಕೆಳಗಿಳಿಯುವವರೆಗೆ, ಕೆಲವು ಮಾದರಿಗಳಲ್ಲಿ ಇನ್ನೂ ಕೆಳಗಿಳಿಯುವವರೆಗೆ, ಅದು ಬಿಡುವುದಿಲ್ಲ.

ಆದುದರಿಂದ ಬಾಗಿಲು ತೆರೆಯದಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಬೀಗ ಕೆಟ್ಟಿದೆಯೆ ಅಥವಾ ತನ್ನ ಕರ್ತವ್ಯವನ್ನು ಮಾಡುತ್ತಿದೆಯೆ ಎಂಬುದು. ಗಂಟೆ ಬಾರಿಸಿದ ಮೇಲೂ ಒಲೆ ತಣಿಯಲು ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಎಷ್ಟೋ ಮನೆಗಳಲ್ಲಿ ಮೆಕ್ಯಾನಿಕನು ಬರುವ ಹೊತ್ತಿಗೆ ಬಾಗಿಲು ತಾನಾಗಿಯೇ ತೆರೆದುಕೊಂಡಿರುತ್ತದೆ. ಅವನ ಭೇಟಿಯ ದಕ್ಷಿಣೆ ಮಾತ್ರ ತಪ್ಪುವುದಿಲ್ಲ!

ಒಲೆ ಪೂರ್ತಿ ತಣಿದ ಮೇಲೂ ಬಾಗಿಲು ಹಟ ಹಿಡಿದರೆ ಆಗ ದೋಷವನ್ನು ಹುಡುಕಬೇಕು. ಮೊದಲು ಗುಂಡಿಗಳ ಫಲಕವನ್ನು ನೋಡುವುದು ಲೇಸು. ಮಕ್ಕಳ ಕೈಗೆ ಸಿಕ್ಕದಿರಲೆಂದು ಹಾಕುವ ಬೀಗದ ಗುಂಡಿ ಎಲ್ಲೋ ಒತ್ತಿಹೋಗಿರಬಹುದು. ಕೆಲವು ಮಾದರಿಗಳಲ್ಲಿ ಅದು ಬಾಗಿಲನ್ನೂ ಬಂಧಿಸುತ್ತದೆ. ಅದಲ್ಲವೆಂದಾದರೆ ಗೋಡೆಯ ಸರ್ಕೀಟ್ ಬ್ರೇಕರನ್ನು ಇಳಿಸಿ, ಐದಾರು ನಿಮಿಷ ಬಿಟ್ಟು ಮತ್ತೆ ಏರಿಸಬೇಕು. ಶುಚಿಯ ನಡುವೆ ಕರೆಂಟು ಹೋಗಿ ದಾರಿತಪ್ಪಿದ ನಿಯಂತ್ರಕಕ್ಕೆ ಇಷ್ಟರಿಂದಲೇ ಎಚ್ಚರವಾಗುವುದುಂಟು. ಇನ್ನೊಂದು ಉಪಾಯ, ಶುಚಿಯ ಕ್ರಮವನ್ನು ಮತ್ತೊಮ್ಮೆ ಆರಂಭಿಸಿ, ಕೂಡಲೇ ರದ್ದುಮಾಡುವುದು. ಬೀಗದ ಪುಟ್ಟ ಮೋಟಾರು ಒಂದು ಸುತ್ತು ತಿರುಗಿ ಕೊಕ್ಕೆಯನ್ನು ಸಡಿಲಿಸಬಹುದು. ಆಗ ಬಾಗಿಲನ್ನು ಎಳೆಯದೆ, ಮೆಲ್ಲಗೆ ಒಳಕ್ಕೆ ಒತ್ತಿಹಿಡಿಯಬೇಕು. ತಿರುಗಣಿ ಸಡಿಲಾಗಿ ಜಗ್ಗಿದ ಬಾಗಿಲಿನಲ್ಲಿ ಕೊಕ್ಕೆ ಬಿಗಿದುಕೊಂಡಿರುತ್ತದೆ. ಎಳೆದಷ್ಟೂ ಅದು ಮತ್ತೂ ಬಿಗಿಯುತ್ತದೆ.

ಇದಾವುದಕ್ಕೂ ಬಗ್ಗದಿದ್ದರೆ ರೋಗ ಒಳಗಿನದು. ಮೋಟಾರು ಸುಟ್ಟಿರಬಹುದು. ಕೊಕ್ಕೆಯ ಸ್ಥಾನವನ್ನು ನಿಯಂತ್ರಕಕ್ಕೆ ತಿಳಿಸುವ ಮೈಕ್ರೋಸ್ವಿಚ್ಚು ಸುಳ್ಳು ಹೇಳುತ್ತಿರಬಹುದು. ಎಲ್ಲಕ್ಕಿಂತ ಸ್ವಾರಸ್ಯವಾದುದು, ಬೀಗದಲ್ಲಿ ಏನೇನೂ ದೋಷವಿಲ್ಲದೆ ಬಾಗಿಲು ತೆರೆಯದಿರುವ ಪ್ರಸಂಗ. ಓವನ್ನಿನ ಹಿಂಗೋಡೆಯಲ್ಲಿ ಪೆನ್ಸಿಲಿನಂಥ ಶಾಖಮಾಪಕವೊಂದಿದೆ. ಶಾಖ ಏರಿದಂತೆ ಅದರ ವಿದ್ಯುತ್ ರೋಧವೂ ಏರುತ್ತದೆ. ಹಲವು ಅಮೆರಿಕನ್ ಮಾದರಿಗಳಲ್ಲಿ ತಣ್ಣಗಿರುವಾಗ ಅದು ಸುಮಾರು 1,080 ಓಮ್. ತಂತಿಯ ಜೋಡಣೆಗೆ ತುಕ್ಕು ಹಿಡಿದರೆ ಆ ತುಕ್ಕಿನ ರೋಧವೂ ಇದಕ್ಕೆ ಸೇರಿಕೊಳ್ಳುತ್ತದೆ. ನಿಯಂತ್ರಕಕ್ಕೆ ತುಕ್ಕು ಯಾವುದು, ಶಾಖ ಯಾವುದು ಎಂದು ತಿಳಿಯುವ ಬಗೆಯೆಂತು? ತಣ್ಣಗಿರುವ ಒಲೆಯನ್ನು ಕೆಂಡವೆಂದೇ ನಂಬಿ ಬಾಗಿಲನ್ನು ಕಾಯುತ್ತ ಕೂರುತ್ತದೆ. ಇದನ್ನು ಅರಿಯದವನು ಬೀಗವನ್ನೇ ಬದಲಾಯಿಸಿ ಹಣ ಕಳೆಯುತ್ತಾನೆ. ಮೀಟರು ಹಿಡಿದು ರೋಧವನ್ನು ಅಳೆದು ನೋಡುವ ಮೆಕ್ಯಾನಿಕನೇ ನಿಜವಾದ ವೈದ್ಯ. ಆ ವೇಳೆಯಲ್ಲಿ ಬ್ರೇಕರ್ ಇಳಿದಿರಲೇಬೇಕು. ಅಮೆರಿಕದ ವಿದ್ಯುತ್ ಒಲೆಗಳಲ್ಲಿ ಹರಿಯುವುದು 240 ವೋಲ್ಟು. ಇದು ಹವ್ಯಾಸಿಯ ಕೆಲಸವಲ್ಲ.

ಚಾಕು, ಸ್ಕ್ರೂಡ್ರೈವರುಗಳಿಂದ ಬಾಗಿಲನ್ನು ಮೀಟುವವರೂ ಇದ್ದಾರೆ. ಗಾಜು ಸಿಡಿಯುತ್ತದೆ, ಕೊಕ್ಕೆ ಬಾಗುತ್ತದೆ. ಅದಕ್ಕೂ ಅವಿವೇಕವಾದುದು ಬೀಗದ ಸ್ವಿಚ್ಚಿನ ತಂತಿಗಳನ್ನು ನೇರವಾಗಿ ಬೆಸೆದು, ಬೀಗವಿದ್ದೂ ಇಲ್ಲದಂತೆ ಮಾಡುವುದು. ಮುಂದಿನ ಸಲ ಬಾಗಿಲು ತೆರೆದಿದ್ದರೂ ಒಲೆ 480 ಡಿಗ್ರಿಗೆ ಕಾಯಲು ಅಡ್ಡಿಯೇ ಇರುವುದಿಲ್ಲ.

ಹೊರದೇಶದ ನಮ್ಮ ಮನೆಗಳಲ್ಲಿ ಓವನ್ ಬೇಯಿಸುವುದಕ್ಕಿಂತ ಬಾಂಡಲೆ, ಕಾವಲಿಗಳನ್ನು ಅಡಗಿಸಿಡುವ ಕಪಾಟಾಗಿಯೇ ಹೆಚ್ಚು ಬಳಕೆಯಾಗುತ್ತದೆಂದು ತಮಾಷೆಯಾಗಿ ಹೇಳುವುದುಂಟು. ಶುಚಿಯ ಗುಂಡಿ ಒತ್ತುವ ಮೊದಲು ಅವನ್ನೆಲ್ಲ ಹೊರತೆಗೆಯಲೇಬೇಕು. ಬಾಗಿಲು ಬಿಗಿದುಕೊಂಡ ಮೇಲೆ ನೆನಪಾಗಿ ಫಲವಿಲ್ಲ. ಅಂಟದ ಲೇಪವುಳ್ಳ ಕಾವಲಿ ಆ ಉರಿಯಲ್ಲಿ ಬಿಡುವ ಹೊಗೆ ಪಂಜರದ ಗಿಣಿಯ ಪ್ರಾಣವನ್ನೇ ತೆಗೆಯಬಲ್ಲುದು. ಹಾಗಾದಾಗ ಕೂಡಲೇ ಶುಚಿಯನ್ನು ರದ್ದುಮಾಡಿ, ಕಿಟಕಿಗಳನ್ನು ತೆರೆದು, ಹಕ್ಕಿಯನ್ನು ಮನೆಯಿಂದ ಆಚೆಗೊಯ್ಯಬೇಕು. ದೀಪಾವಳಿಯ ಹಿಂದಿನ ದಿನ ಈ ಕೆಲಸಕ್ಕೆ ಕೈಹಾಕದಿರುವುದೂ ಕ್ಷೇಮ. ಬೀಗ ಕೆಟ್ಟರೆ ಹೊಸ ಭಾಗ ಹಬ್ಬದೊಳಗೆ ಬಂದು ಸೇರುವುದಿಲ್ಲ.