ಆಟಿಸಂ, ಎಡಿಎಚ್‌ಡಿ ಎರಡೂ ಒಟ್ಟಿಗೆ ಇರಬಹುದೇ?

ಪ್ರಶ್ನೆ: ನಾಲ್ಕು ವರ್ಷದ ಮೊಮ್ಮಗನಿಗೆ ಒಬ್ಬ ವೈದ್ಯರು ಆಟಿಸಂ ಎಂದರು, ಇನ್ನೊಬ್ಬರು ಎಡಿಎಚ್‌ಡಿ ಎಂದರು. ಯಾವುದು ಸರಿ? ಮನೆಯಲ್ಲಿ ಬ್ಯಾರಿ, ನೆರೆಯಲ್ಲಿ ತುಳು, ಅಂಗನವಾಡಿಯಲ್ಲಿ ಕನ್ನಡ. ಇದರಿಂದಲೇ ಹೀಗಾಯಿತೇ?
– ಓದುಗರು, ಬಂಟ್ವಾಳ

ಉತ್ತರ: ಎರಡೂ ಸರಿಯಿರಬಹುದು. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ ಇವೆರಡನ್ನೂ ಒಂದೇ ಮಗುವಿನಲ್ಲಿ ಗುರುತಿಸಲು ಅವಕಾಶ ಕೊಟ್ಟದ್ದೇ 2013ರಲ್ಲಿ. ಆಟಿಸಂ ಇರುವ ಮಕ್ಕಳಲ್ಲಿ ಎಡಿಎಚ್‌ಡಿಯೂ ಇರುವುದು ಅಪರೂಪವೇನಲ್ಲ.

ಮೇಲ್ನೋಟಕ್ಕೆ ಎರಡೂ ಒಂದೇ ಥರ. ಕರೆದರೆ ತಿರುಗುವುದಿಲ್ಲ, ಕೂತಲ್ಲಿ ಕೂರುವುದಿಲ್ಲ. ಜಗಲಿಯಲ್ಲಿ ಕೂತು ಗಮನಿಸಿ: ರಸ್ತೆಯಲ್ಲಿ ಬಸ್ಸು ಹೋದಾಗ ಮೊಮ್ಮಗ ತಾನೇ ಬೆರಳು ತೋರಿಸಿ, ನಿಮ್ಮ ಮುಖ ನೋಡುತ್ತಾನೆಯೇ? ಎಡಿಎಚ್‌ಡಿ ಮಾತ್ರ ಇರುವ ಮಗು ಸಾಮಾನ್ಯವಾಗಿ ತೋರಿಸುತ್ತದೆ, ಮರುಕ್ಷಣ ಇನ್ನೆಲ್ಲಿಗೋ ಓಡುತ್ತದೆ. ಆಟಿಸಂ ಇರುವ ಮಗು ತಿರುಗುವ ಚಕ್ರವನ್ನೇ ನೋಡುತ್ತಾ ನಿಂತು, ನಿಮ್ಮತ್ತ ತಿರುಗದಿರಬಹುದು. ಇದೊಂದರಿಂದಲೇ ತೀರ್ಮಾನಿಸಬೇಡಿ, ಆದರೆ ವೈದ್ಯರಿಗೆ ತಪ್ಪದೆ ಹೇಳಿ.

ಭಾಷೆಗಳನ್ನು ದೂರಬೇಡಿ. ಹಲವು ಭಾಷೆ ಕೇಳಿ ಬೆಳೆದದ್ದರಿಂದ ಆಟಿಸಂ ಆಗಲಿ ಎಡಿಎಚ್‌ಡಿ ಆಗಲಿ ಬರುವುದಿಲ್ಲ. ಬ್ಯಾರಿ ಬಿಟ್ಟು ಕನ್ನಡವೊಂದನ್ನೇ ಆಡಿ ಎಂಬ ಸಲಹೆಯನ್ನು ನಾನಂತೂ ಒಪ್ಪುವುದಿಲ್ಲ. ಮನೆಯವರ ಮುದ್ದುಮಾತೇ ಮಗುವಿಗೆ ತಪ್ಪಿಹೋಗುತ್ತದೆ. ಪರೀಕ್ಷೆಯೂ ಮನೆಮಾತಿನಲ್ಲೇ ಆಗಲಿ. ಕನ್ನಡದ ಪ್ರಶ್ನೆಗೆ ಸುಮ್ಮನಿದ್ದ ಮಾತ್ರಕ್ಕೆ ಅದು ಲಕ್ಷಣವಲ್ಲ. ಹಾಗೆಯೇ, ಅರಬಿ ಪಾಠವನ್ನು ಬಾಯಿಪಾಠ ಒಪ್ಪಿಸುತ್ತಾನೆಂದು ಸುಮ್ಮನಾಗಬೇಡಿ. ಬಾಯಾರಿದಾಗ ನೀರು ಕೇಳುತ್ತಾನೆಯೇ, ಅದನ್ನು ನೋಡಿ.

ಮೊದಲು ಕಿವಿ ಪರೀಕ್ಷೆ ಮಾಡಿಸಿ. ಅಂಗನವಾಡಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೂ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇದೆ, ಎಡಿಎಚ್‌ಡಿ ಇಲ್ಲ. ಹಾಗಾಗಿ ಎರಡೂ ಇದ್ದರೆ, ಆಟಿಸಂ ಬಿಟ್ಟುಹೋಗದಂತೆ ವರದಿಯಲ್ಲಿ ಎರಡನ್ನೂ ಬರೆಸಿಕೊಳ್ಳಿ.