ಪಕ್ಕದಿಂದ ಬೀಳುವ ಬೆಳಕು

ನಡುಮಧ್ಯಾಹ್ನ ಸನ್ನತಿಗೆ ಹೋಗಬಾರದು. ಬಿಸಿಲಿನ ಭಯದ ಮಾತು ಬಿಡಿ, ಕಲಬುರಗಿ ಜಿಲ್ಲೆಯಲ್ಲಿ ಬಿಸಿಲಿಗೆ ಹೆದರಿದವರು ಹೊಸ್ತಿಲು ದಾಟುವ ಹಾಗೇ ಇಲ್ಲ. ಆದರೆ ಆ ಹೊತ್ತಿನಲ್ಲಿ ಅಲ್ಲಿ ಓದಲಿಕ್ಕೆ ಏನೂ ಸಿಗುವುದಿಲ್ಲ. ಭೀಮೆಯ ನೀರು ಸಾಣೆ ಹಿಡಿದ ತಗಡಾಗಿರುತ್ತದೆ. ದಂಡೆಯ ಜಾಲಿಗೆ ನೆರಳಿರುವುದಿಲ್ಲ. ನೆಲದ ಮೇಲೂ ಗೋಡೆಯ ಮೇಲೂ ಅದೇ ಬೂದುಬಿಳಿ ಸುಣ್ಣಕಲ್ಲು, ಅದರ ಮೇಲೆ ನೆಟ್ಟಗೆ ಸುರಿಯುವ ಬೆಳಕು. ಎರಡು ಸಾವಿರ ವರ್ಷದ ಹಿಂದೆ ಉಳಿಯಿಂದ ಕೊರೆದ ಗೆರೆ ಕಣ್ಣೆದುರೇ ಇದ್ದರೂ ಕಲ್ಲು ಬರೀ ಕಲ್ಲಾಗಿ ಕಾಣುತ್ತದೆ.

“ಹೊತ್ತು ಇಳದ ಮ್ಯಾಲ ಬರ್ರಿ ಸರ. ಈಗ ಬಿಸಲು ನೆತ್ತಿ ಮ್ಯಾಗ ಅದ, ಅಕ್ಷರ ಎಲ್ಲಾ ಮಕ್ಕೊಂಡಾವ,” ಎಂದರು ಬೇವಿನ ಬುಡದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದ ಹಿರಿಯರು. ಶಾಸನತಜ್ಞರು ಪುಟಗಟ್ಟಲೆ ಬರೆದು ಹೇಳುವುದನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದರು.

ಹೊತ್ತು ಇಳಿಯಿತು. ಸೂರ್ಯ ಹೊಳೆಯಾಚೆ ಬಾಗಿದಂತೆ ಕಲ್ಲಿನ ಮೈಯಲ್ಲಿ ಏನೋ ಮಿಸುಕಾಡತೊಡಗಿತು. ಬೆಳಕು ಓರೆಯಾಗಿ ಬಂದಾಗ ಪ್ರತಿ ಕೊರಕಲಿನ ಒಂದು ಅಂಚು ಬೆಳ್ಳಗಾಗುತ್ತದೆ, ಇನ್ನೊಂದು ಅಂಚಿನಲ್ಲಿ ಕೂದಲೆಳೆಯಷ್ಟು ನೆರಳು ಕೂರುತ್ತದೆ. ಅಷ್ಟು ನೆರಳು ಸಾಕು. ಮೊದಲು ಒಂದು ಗೀಟು, ಆಮೇಲೆ ಅದಕ್ಕೊಂದು ಕೊಕ್ಕೆ, ಒಂದು ವೃತ್ತ, ಒಂದು ಕೂಡುಗುರುತು. ನೋಡನೋಡುತ್ತ ಬ್ರಾಹ್ಮಿಯ ಸಾಲು ಎದ್ದು ನಿಲ್ಲುತ್ತದೆ. ಮೋಡ ಮುಚ್ಚಿದ ದಿನ ಅಥವಾ ಸೂರಿನಡಿ ಇಟ್ಟ ಕಲ್ಲಿನ ಮುಂದೆ ಬ್ಯಾಟರಿ ಹಿಡಿದರೂ ಇದೇ ಕತೆ. ಎದುರಿಗೆ ಹಿಡಿದರೆ ಸಾಲು ಅಳಿಸಿಹೋಗುತ್ತದೆ, ಕಲ್ಲಿನ ಅಂಚಿಗೆ ಒರಗಿಸಿ ಪಕ್ಕದಿಂದ ಬಿಟ್ಟರೆ ಓದಿಸಿಕೊಳ್ಳುತ್ತದೆ.

ಇಲ್ಲಿನ ಅತಿ ಹೆಸರಾದ ಕಲ್ಲಿಗೆ ಓರೆಬೆಳಕು ಕೂಡ ಬಹುಕಾಲ ಸಿಕ್ಕಿರಲಿಲ್ಲ. ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿಯ ಗುಡಿಯಲ್ಲಿ ಅದು ದೇವಿಯ ಪೀಠವಾಗಿತ್ತು. ಮೂರ್ತಿ ನಿಲ್ಲಿಸಲಿಕ್ಕೆಂದು ಯಾರೋ ನಡುವೆ ಚೌಕನೆಯ ತೂತು ಕೊರೆದಿದ್ದರು. ಅಲ್ಲಿದ್ದ ಅಕ್ಷರಗಳು ಹೋದವು, ಉಳಿದವು ಎಣ್ಣೆ ಕುಂಕುಮದಡಿ ಕತ್ತಲಲ್ಲಿ ಕೂತವು. 1986ರಲ್ಲಿ ಗುಡಿಯ ಚಾವಣಿ ಕುಸಿದು ಮೂರ್ತಿ ಒಡೆದಾಗ ಪೀಠದ ಮೈ ಹೊರಬಿತ್ತು. ಓದಿ ನೋಡಿದರೆ ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಅಶೋಕನ ಮಾತು. ಕಲ್ಲಿನಲ್ಲಿದ್ದದ್ದು ಅವನ 12 ಮತ್ತು 14ನೆಯ ಬಂಡೆಶಾಸನಗಳು, ಜೊತೆಗೆ ಅಲ್ಲಿಯವರೆಗೆ ಒಡಿಶಾದ ಧೌಲಿ, ಜೌಗಡಗಳಲ್ಲಿ ಮಾತ್ರ ಕಂಡಿದ್ದ ಎರಡು ಪ್ರತ್ಯೇಕ ಶಾಸನಗಳು.

ಹದಿನಾಲ್ಕನೆಯದು ನನಗೆ ಬಹಳ ಇಷ್ಟ. ಅದರಲ್ಲಿ ಧರ್ಮೋಪದೇಶಕ್ಕಿಂತ ಸಂಪಾದಕನ ಟಿಪ್ಪಣಿಯೇ ಹೆಚ್ಚು. ಬರೆಸಿದ್ದರಲ್ಲಿ ಕೆಲವು ಚುಟುಕಾಗಿವೆ, ಕೆಲವು ವಿಸ್ತಾರವಾಗಿವೆ, ಹೇಳಿದ್ದನ್ನೇ ಮತ್ತೆ ಹೇಳಿರುವುದು ಆ ಮಾತಿನ ಸವಿಗಾಗಿ, ಎಲ್ಲಾದರೂ ಅರೆಬರೆಯಾಗಿದ್ದರೆ ಅದಕ್ಕೆ ಸ್ಥಳವೋ ಲಿಪಿಕಾರನ ತಪ್ಪೋ ಕಾರಣ ಎನ್ನುತ್ತಾನೆ ಚಕ್ರವರ್ತಿ. ಮುನ್ನುಡಿಯ ಕೊನೆಯಲ್ಲಿ ಅಚ್ಚಿನ ತಪ್ಪಿಗೆ ಕ್ಷಮೆ ಕೇಳುವ ನಮ್ಮ ಪ್ರಕಾಶಕರ ಮೂಲಪುರುಷ ಇವನೇ ಇರಬೇಕು.

ಹತ್ತಿರದ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಅಗೆದು ತೆಗೆದ ಮಹಾಸ್ತೂಪದಲ್ಲಿ ಅಕ್ಷರಕ್ಕೂ ಚಿತ್ರಕ್ಕೂ ಜೋಡಿ ಬಿದ್ದಿದೆ. ಚಪ್ಪಡಿಯ ಮೇಲೆ ರಾಜ, ರಾಣಿ, ಛತ್ರ ಚಾಮರ ಹಿಡಿದ ಪರಿಚಾರಿಕೆಯರು, ಮೇಲೆ ಬ್ರಾಹ್ಮಿಯಲ್ಲಿ ‘ರಾಯ ಅಸೋಕೊ’ ಎಂಬ ಹೆಸರು. ಮಕ್ಕಳ ಚಿತ್ರಪುಸ್ತಕದ ಪುಟದ ಹಾಗೆ ಚಿತ್ರ ಮತ್ತು ಅದರ ಹೆಸರು ಒಟ್ಟಿಗೆ.

ಇಂಥ ಕಲ್ಲುಗಳನ್ನು ಊರಿಂದೂರಿಗೆ ಒಯ್ದು ಓದಲಾಗದು. ಅದಕ್ಕೇ ಪಡಿಯಚ್ಚು. ಕಲ್ಲು ತೊಳೆದು ಒದ್ದೆ ಕಾಗದ ಹೊದಿಸುತ್ತಾರೆ. ಬಿರುಸು ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವನ್ನು ಕೊರಕಲಿನೊಳಗೆ ಕೂರಿಸುತ್ತಾರೆ. ಅರ್ಧ ಒಣಗಿದ ಮೇಲೆ ಮಸಿಯ ಗುಬುಟಿನಿಂದ ಮೆಲ್ಲಗೆ ಒತ್ತುತ್ತಾ ಬರುತ್ತಾರೆ. ಉಬ್ಬಿದ ಜಾಗವೆಲ್ಲ ಕಪ್ಪಾಗಿ, ಒಳಗಿಳಿದ ಅಕ್ಷರ ಮಾತ್ರ ಬೆಳ್ಳಗೆ ಉಳಿಯುತ್ತದೆ. ಮೊದಲ ಸಾಲು ಮೂಡುವಾಗ ಸುತ್ತ ನಿಂತ ಹುಡುಗರ ಮುಖ ನೋಡಬೇಕು.

ನಾಲವಾರ ದಾಟಿ ವಾಡಿಯತ್ತ ಹೊರಟರೆ ಕತ್ತಲಲ್ಲಿ ಮೊದಲು ಕಾಣುವುದು ಸಿಮೆಂಟು ಕಾರ್ಖಾನೆಯ ದೀಪಗಳ ರಾಶಿ. ಒಂದು ಪಟ್ಟಣವೇ ಎದ್ದು ನಿಂತಂತೆ ಬೆಳಕು. ಒಳಗೆ ಕುಲುಮೆಯಲ್ಲಿ ಬೇಯುತ್ತಿರುವುದು ಈ ನೆಲದ ಸುಣ್ಣಕಲ್ಲೇ. ಅದರ ಅಣ್ಣತಮ್ಮಂದಿರು ಶಹಾಬಾದಿನಿಂದ ಪರಸಿ ಚಪ್ಪಡಿಯಾಗಿ ಹೋಗಿ ಎಷ್ಟೋ ಊರಿನ ಪಡಸಾಲೆಗಳಲ್ಲಿ ಹಾಸಿಕೊಂಡಿದ್ದಾರೆ. ಶಿಲ್ಪವಾಗಲು, ಶಾಸನವಾಗಲು ಕೆಲವಕ್ಕೆ ಮಾತ್ರ ಯೋಗ.

ಚಿತ್ತಾಪುರದ ಮಗ್ಗುಲಿಗೇ ನಾಗಾವಿ. ಅರವತ್ತು ಕಂಬದ ಗುಡಿಯೊಳಗೆ ಸಂಜೆಯ ಬೆಳಕು ಕಂಬದಿಂದ ಕಂಬಕ್ಕೆ ಸೋಸಿ ಬರುತ್ತದೆ, ಬಾವಲಿ ವಾಸನೆಯೂ ಬರುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಲ್ಲೊಂದು ಘಟಿಕಾಸ್ಥಾನ, ಅಂದರೆ ವಿದ್ಯಾಪೀಠ, ಇತ್ತು. ತ್ರೈಲೋಕ್ಯಮಲ್ಲ ಸೋಮೇಶ್ವರನ ಆಳ್ವಿಕೆಯ, 1058ರ ಶಾಸನ ವೇದ ಶಾಸ್ತ್ರಗಳ ವಿದ್ಯಾರ್ಥಿಗಳಿಗೂ ಉಪಾಧ್ಯಾಯರಿಗೂ ಮಾಡಿದ ಏರ್ಪಾಡನ್ನು ಹೇಳುತ್ತಾ ಆರು ಮಂದಿ ಸರಸ್ವತಿ ಭಂಡಾರಿಗರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅಂದರೆ ಪುಸ್ತಕ ನೋಡಿಕೊಳ್ಳಲಿಕ್ಕೆಂದೇ ಆರು ಜನ! ಇವತ್ತು ಯಾವ ತಾಲ್ಲೂಕು ಕೇಂದ್ರದ ಗ್ರಂಥಾಲಯಕ್ಕೆ ಆರು ಜನ ಕೊಟ್ಟಿದ್ದಾರೆ, ಹೇಳಿ.

ಆ ಭಂಡಾರಿಗರ ಕೈಯಲ್ಲಿದ್ದದ್ದು ಓಲೆಗರಿ. ಕಂಟವೆಂಬ ಕಬ್ಬಿಣದ ಲೇಖನಿಯಿಂದ ಗರಿಯ ಮೇಲೆ ಗೀರಿದಾಗ ಅಕ್ಷರ ಬರೀ ಒಂದು ತರಚು, ಹಾಗೇ ಹಿಡಿದು ನೋಡಿದರೆ ಕಾಣದು. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಗರಿಗೆ ಸವರಿ ಬಟ್ಟೆಯಿಂದ ಒರೆಸಬೇಕು. ಮೇಲಿನದು ಅಳಿಸಿಹೋಗಿ ಗೀರಿನೊಳಗಿನ ಕಪ್ಪು ನಿಲ್ಲುತ್ತದೆ. ಇರುಳು ಓದಲು ಹಚ್ಚಿದ ಸೊಡರೇ ಬೆಳಗ್ಗೆ ಬರೆಯಲು ಮಸಿ ಕೊಡುತ್ತಿತ್ತು. ನಾಗಾವಿಯ ಭಂಡಾರದ ಒಂದು ಗರಿಯೂ ಇಂದು ಗುಡಿಯಲ್ಲಿಲ್ಲ, ಗೆದ್ದಲು, ನೀರು, ಕಾಲ ಪಾಲು ಹಂಚಿಕೊಂಡಿವೆ. ಉಳಿದದ್ದು ಕಲ್ಲು ಮತ್ತು ಅದರ ಮೇಲಿನ ಆ ಸಂಬಳದ ಪಟ್ಟಿ.

ಪುಸ್ತಕಕ್ಕೆ ಬೆಳಕಿನ ಹಬ್ಬ ಮಾಡುವವರು ಹೊರದೇಶಗಳಲ್ಲಿ ಇದ್ದಾರೆ. ಮ್ಯಾಡ್ರಿಡ್‌ನ ‘ಲೂಸ್‌ಇಂಟೆರುಪ್ಟುಸ್’ ಎಂಬ ಕಲಾವಿದರ ಗುಂಪು 2016ರ ಅಕ್ಟೋಬರಿನಲ್ಲಿ ಕೆನಡಾದ ಟೊರಾಂಟೊದಲ್ಲಿ ಒಂದು ಬೀದಿಯ ವಾಹನ ನಿಲ್ಲಿಸಿ 10,000 ಹಳೆಯ ಪುಸ್ತಕಗಳನ್ನು ನೆಲಕ್ಕೆ ಹರಡಿತು. ತೆರೆದ ಪುಟಗಳ ನಡುವೆ ಪುಟ್ಟ ದೀಪಗಳು. ರಾತ್ರಿಯಿಡೀ ಜನ ಕಾರಿನ ದಾರಿಯಲ್ಲಿ ಪುಸ್ತಕದ ಹೊಳೆಯೊಳಗೆ ನಡೆದಾಡಿದರು, ಬೇಕಾದದ್ದನ್ನು ಮನೆಗೆ ಒಯ್ದರು. ಫೋಟೋದಲ್ಲಿ ಹೊಳೆ ಚೆಂದ ಕಾಣುತ್ತದೆ. ನನಗೆ ಮಾತ್ರ ಕೊನೆಯ ಭಾಗ ಹೆಚ್ಚು ಹಿಡಿಸಿತು: ಬೆಳಗಾಗುವ ಹೊತ್ತಿಗೆ ಹೊಳೆ ಬತ್ತುತ್ತಾ, ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಹೊರಡುವ ಜನ.

ನಮ್ಮಲ್ಲಿ ಹಬ್ಬದ ಬೆಳಕೆಂದರೆ ಗೋಪುರಕ್ಕೆ ಸರಪಳಿ ಬಲ್ಬು, ಕೋಟೆಗೆ ನೇರಳೆ ಹಸಿರು ಫೋಕಸ್ಸು. ಎದುರಿಂದ ಹೊಡೆದ ಫೋಕಸ್ಸು ಕಟ್ಟಡಕ್ಕೆ ಒಪ್ಪೀತು, ಅಕ್ಷರವನ್ನು ನುಂಗುತ್ತದೆ. ಸನ್ನತಿಯಲ್ಲಿ ಎಂದಾದರೂ ದೀಪ ಹಾಕುವ ಯೋಚನೆ ಯಾರಿಗಾದರೂ ಬಂದರೆ ಒಂದು ವಿನಂತಿ: ನೆಲಮಟ್ಟದಲ್ಲಿ, ಕಲ್ಲಿನ ಪಕ್ಕಕ್ಕೆ, ಸಣ್ಣದೊಂದು ಹಾಕಿ. ಬಣ್ಣ ಬೇಡ. ಖರ್ಚೂ ಕಡಿಮೆ. ಖರ್ಚು ಕಡಿಮೆ ಎಂಬ ಕಾರಣಕ್ಕೇ ಟೆಂಡರ್ ಕೂಗುವವರಿಗೆ ಇದು ರುಚಿಸಲಾರದು ಎಂಬುದೂ ಗೊತ್ತು.

ಓದುವವರು ಯಾರು ಎಂದರೆ, ಅವರೂ ಇದ್ದಾರೆ. ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ, 2020ರ ನವೆಂಬರ್ 14ರಂದು, ರಾಜ್ಯ ಸರ್ಕಾರ ‘ಓದುವ ಬೆಳಕು’ ಶುರುಮಾಡಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಮಕ್ಕಳನ್ನು ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಂಡಿತು. ಈ ಕಡೆಯ ಯಾವ ಊರಿನ ಗ್ರಂಥಾಲಯಕ್ಕೆ ಸಂಜೆ ಹೊಕ್ಕರೂ ನೋಟ ಹೆಚ್ಚುಕಡಿಮೆ ಒಂದೇ. ಬಾಗಿಲ ಹೊರಗೆ ಚಪ್ಪಲಿ ರಾಶಿ, ಒಳಗೆ ಟ್ಯೂಬ್‌ಲೈಟು, ಪರಸಿ ನೆಲದ ಮೇಲೆ ಬೋರಲಾಗಿ ಮಲಗಿ ಓದುವ ಹುಡುಗಿ, ಪೇಪರಿಗೆ ಕಾಯುವ ಅಜ್ಜ, ರಿಜಿಸ್ಟರ್ ತುಂಬುವ ಮೇಲ್ವಿಚಾರಕರು. ಕರೆಂಟು ಹೋದರೆ ಎಲ್ಲರೂ ಒಮ್ಮೆಗೇ “ಹೋ” ಎನ್ನುತ್ತಾರೆ.

ಈ ಮಕ್ಕಳಿಗೆ ಬ್ರಾಹ್ಮಿಯ ಅಕ್ಷರಮಾಲೆ ಕಲಿಸಲು ವರ್ಷ ಬೇಕಿಲ್ಲ, ಗೀಟು ಕೊಕ್ಕೆ ವೃತ್ತಗಳ ಆ ಲಿಪಿ ಅವರಿಗೆ ಆಟ. ಕಲ್ಲಿನ ಮಾತನ್ನು ಓದಿ ಕೇಳಿಸಲು ದಿನವನ್ನೂ ಹುಡುಕಬೇಕಿಲ್ಲ. ತಿಷ್ಯ ನಕ್ಷತ್ರದ ದಿನ, ನಾವು ಪುಷ್ಯ ಎನ್ನುವ ದಿನ, ಈ ಮಾತುಗಳನ್ನು ಜನರಿಗೆ ಗಟ್ಟಿಯಾಗಿ ಓದಿ ಕೇಳಿಸಬೇಕು, ನಡುನಡುವೆ ಸಂದರ್ಭ ಬಂದರೆ ಒಬ್ಬನಿಗಾದರೂ ಸರಿ ಎಂದು ಪ್ರತ್ಯೇಕ ಶಾಸನದಲ್ಲಿ ಅಶೋಕನೇ ಅಧಿಕಾರಿಗಳಿಗೆ ತಾಕೀತು ಮಾಡಿದ್ದಾನೆ. ಪುಷ್ಯ ತಿಂಗಳಿಗೊಮ್ಮೆ ಬಂದೇ ಬರುತ್ತದೆ. ಕೇಳಲು ಬೇವಿನ ಬುಡದ ಹಿರಿಯರು ಹೇಗೂ ಇದ್ದಾರೆ. ಬ್ಯಾಟರಿ ಹಿಡಿಯುವವರೊಬ್ಬರು ಸಿಕ್ಕರೆ ಆಯಿತು.